ಮದುವೆ ಆದ್ಮೇಲೆ ಪಿಎಫ್ ನಾಮಿನಿ ಬದಲಾಯಿಸಿದ್ದೀರಾ?

ಕೆಲಸಕ್ಕೆ ಸೇರಿದ ದಿನ ಪಿಎಫ್ ಫಾರ್ಮಿನಲ್ಲಿ ನಾಮಿನಿ ಅಂತ ಅಮ್ಮನ ಹೆಸರು ಬರೆದಿರುತ್ತೇವೆ. ಆಮೇಲೆ ಮದುವೆ, ಮಕ್ಕಳು, ಸೈಟು, ಲೋನು ಎಲ್ಲಾ ಆಗುತ್ತದೆ. ಆ ಕಾಲಂ ಮಾತ್ರ ಹಾಗೇ ಇರುತ್ತದೆ.

ನಮ್ಮ ಸಂಬಂಧಿಕರ ಹುಡುಗನೊಬ್ಬ ಸರ್ವಿಸಿನಲ್ಲಿದ್ದಾಗಲೇ ತೀರಿಕೊಂಡ. ವೈಕುಂಠ ಸಮಾರಾಧನೆಯ ದಿನ, ಇನ್ನೂ ಎಲೆ ಎತ್ತಿರಲಿಲ್ಲ, ಅವನ ಅಣ್ಣ ಶುರು ಮಾಡಿದರು: "ಪಿಎಫ್‌ಗೆ ಅಮ್ಮನೇ ನಾಮಿನಿ, ದುಡ್ಡು ಅಮ್ಮಂದೇ." ಹೆಂಡತಿ ತುಟಿಪಿಟಕ್ ಅನ್ನಲಿಲ್ಲ. ಬಾಯಿ ಬಿಟ್ಟರೆ "ಗಂಡ ಹೋಗಿ ತಿಂಗಳಾಗಿಲ್ಲ, ಆಗಲೇ ದುಡ್ಡಿನ ಮಾತು" ಅಂತಾರಲ್ಲ! ಅಣ್ಣನಿಗೆ ಮಾತ್ರ ಯಾರೂ ಹಾಗನ್ನಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಪಿಎಫ್ ನಿಯಮದಲ್ಲೇ ಇದೆ: ಮದುವೆಗೆ ಮೊದಲು ಮಾಡಿದ ನಾಮಿನೇಷನ್ ಮದುವೆಯಾದ ಮೇಲೆ ನಡೆಯುವುದಿಲ್ಲ. ಹೊಸದು ಮಾಡಿಲ್ಲದಿದ್ದರೆ ಹೆಂಡತಿ, ಚಿಕ್ಕ ಮಕ್ಕಳು, ಅವನನ್ನೇ ನಂಬಿಕೊಂಡಿದ್ದ ಅಪ್ಪ ಅಮ್ಮ ಇವರಿಗೆಲ್ಲ ಸಮಪಾಲು. ಅಣ್ಣ ಆ ಪಟ್ಟಿಯಲ್ಲೇ ಇಲ್ಲ, ಬಿಡಿ. 2009ರಲ್ಲಿ ಶಿಪ್ರಾ ಸೇನ್‌ಗುಪ್ತಾ ಎಂಬ ವಿಧವೆಯ ಕೇಸಿನಲ್ಲೂ ಇದೇ ಜಗಳ. ಬ್ಯಾಂಕ್ ನೌಕರ ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದ. ನಾಮಿನಿ ಅಂದರೆ ಹಣ ಕೈಗೆ ತಗೊಳ್ಳುವವರು ಅಷ್ಟೇ, ವಾರಸುದಾರರ ಪಾಲು ಕೊಡಲೇಬೇಕು ಎಂದಿತು ಸುಪ್ರೀಂ ಕೋರ್ಟ್. ಅತ್ತೆಗೂ ಸೊಸೆಗೂ ಸಮಪಾಲಾಯಿತು. ತಾಯಿಗೆ ಹಕ್ಕಿಲ್ಲ ಅಂತ ನಾನೂ ಹೇಳುತ್ತಿಲ್ಲ. ಸೊಸೆ ಕೇಳಿದರೆ ತಪ್ಪು ಅನ್ನಬೇಡಿ.

ಪಿಎಫ್ ಜೊತೆಗೇ ಇರುವ ಪೆನ್ಷನ್ ಕಥೆ ಬೇರೆ. "ಹತ್ತು ವರ್ಷ ಸರ್ವಿಸ್ ಆಗಿಲ್ಲ, ಏನೂ ಬರಲ್ಲ" ಅಂತ ತೀರಿಕೊಂಡ ಹುಡುಗನ ಹೆಂಡತಿಗೂ ಯಾರೋ ಹೇಳಿದ್ದರು. ಸುಳ್ಳು. ಸರ್ವಿಸಿನಲ್ಲಿದ್ದಾಗ ತೀರಿಕೊಂಡರೆ, ಒಂದೇ ತಿಂಗಳು ವಂತಿಗೆ ಕಟ್ಟಿದ್ದರೂ ಹೆಂಡತಿಗೆ ಪೆನ್ಷನ್ ಉಂಟು. ಮರುಮದುವೆ ಆಗದಿದ್ದರೆ ಜೀವನಪರ್ಯಂತ. ಜೊತೆಗೆ ಇಬ್ಬರು ಮಕ್ಕಳವರೆಗೆ, 25 ವರ್ಷ ತುಂಬುವ ತನಕ, ತಲಾ ಅದರ ಶೇ. 25. ಕನಿಷ್ಠ ಪೆನ್ಷನ್ 2014ರಿಂದಲೂ ಅದೇ 1,000 ರೂಪಾಯಿ! ಗ್ಯಾಸ್ ಸಿಲಿಂಡರ್ ತಂದರೆ ಮುಗಿಯಿತು. ಆದರೂ ಬಿಡಬೇಡಿ. ಪಿಎಫ್ ಜೊತೆಗೇ ಬರುವ ಇಡಿಎಲ್‌ಐ ಎಂಬ ಜೀವವಿಮೆಯನ್ನಂತೂ ಮರೆಯಲೇಬೇಡಿ, ಅದು 7 ಲಕ್ಷದವರೆಗೂ ಬರಬಹುದು. ಪಿಎಫ್‌ಗೆ ಫಾರಂ 20, ಪೆನ್ಷನ್‌ಗೆ 10ಡಿ, ವಿಮೆಗೆ 5ಐಎಫ್.

ಗಂಡಸರೇ, ಪಿಎಫ್ ಸದಸ್ಯರ ಯುಎಎನ್ ಪೋರ್ಟಲ್‌ನಲ್ಲಿ ಇ-ನಾಮಿನೇಷನ್, ಅಂದರೆ ಆನ್‌ಲೈನಿನಲ್ಲೇ ನಾಮಿನಿ ಹೆಸರು ಹಾಕುವ ವ್ಯವಸ್ಥೆ ಇದೆ. ಎಚ್‌ಆರ್ ಹಿಂದೆ ಅಲೆಯಬೇಕಿಲ್ಲ. ಹೆಂಡತಿಯ ಆಧಾರ್ ನಂಬರ್, ಒಂದು ಫೋಟೊ ಹತ್ತಿರ ಇಟ್ಟುಕೊಳ್ಳಿ. ಕೊನೆಗೆ ಓಟಿಪಿ ಹಾಕಿ ಇ-ಸೈನ್ ಮಾಡಿ. ಇ-ಸೈನ್ ಮಾಡದೆ ಬಿಟ್ಟರೆ ತುಂಬಿದ್ದೆಲ್ಲ ಪೆಂಡಿಂಗ್ ಅಂತಲೇ ಕೂತಿರುತ್ತದೆ.