ಮಗು ಹುಟ್ಟಿದ ಮೇಲಿನ ಎರಡು ಗಂಟೆ

ಮೇ 5 ಸೂಲಗಿತ್ತಿಯರ ದಿನ, ಮೇ 12 ದಾದಿಯರ ದಿನ. ಎರಡೂ ದಿನ ವಾಟ್ಸಾಪ್ ತುಂಬ ‘ಬಿಳಿ ಬಟ್ಟೆಯ ದೇವತೆ’ಗಳ ಚಿತ್ರ ಓಡಾಡುತ್ತದೆ. ದೇವತೆ ಅಂತ ಕೈಮುಗಿದುಬಿಟ್ಟರೆ ಸಂಬಳ, ರಜೆ, ಜನ ಸಾಲದ ನೈಟ್ ಡ್ಯೂಟಿಯ ಮಾತೆತ್ತಬೇಕಾಗಿಲ್ಲ ನೋಡಿ. ಹೊಗಳುವುದಾದರೆ ಅವರ ಕೈಕೆಲಸವನ್ನು ಹೊಗಳೋಣ ಮಾರಾಯ್ರೆ.

ಮಂಗಳೂರು ಹಂಪನಕಟ್ಟೆಯ ಲೇಡಿಗೋಶನ್ ಆಸ್ಪತ್ರೆ ಇರಲಿ, ತಾಲೂಕು ಆಸ್ಪತ್ರೆ ಇರಲಿ, ಲೇಬರ್ ರೂಮಿನ ಬಾಗಿಲು ತೆರೆದು ‘ಹೆಣ್ಣು ಮಗು, ಇಬ್ಬರೂ ಹುಷಾರು’ ಅಂದ ಕೂಡಲೇ ಹೊರಗಿದ್ದವರ ಆತಂಕ ಮುಗಿಯಿತು. ಫೋನು ಶುರು, ಒಬ್ಬರು ಸ್ವೀಟ್ ತರಲು ಹೊರಟಾಯಿತು. ಒಳಗೆ ಸಿಸ್ಟರ್ ಪಾಲಿಗೆ ಅಪಾಯದ ಹೊತ್ತು ಆಗಷ್ಟೇ ಶುರು.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಕಸ, ಅಂದರೆ ಮಾಸು (ಪ್ಲಾಸೆಂಟಾ), ಕಳಚಿಕೊಂಡಾಗ ಆ ಜಾಗದ ರಕ್ತನಾಳಗಳು ಬಾಯಿ ತೆರೆದೇ ಇರುತ್ತವೆ. ಅವನ್ನು ಯಾರೂ ಹೊಲಿಯುವುದಿಲ್ಲ, ಗರ್ಭಕೋಶದ ಸ್ನಾಯುವೇ ಬಿಗಿದು ಹಿಂಡಿ ಮುಚ್ಚಬೇಕು.

ಹಾಗಾಗಿ ಮಗು ಹೊರಬಂದ ಒಂದು ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ಕೈಯಿಟ್ಟು ನೋಡಿಕೊಂಡು, ತಾಯಿಯ ತೊಡೆಗೆ ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್ 10 ಯೂನಿಟ್ ಚುಚ್ಚಬೇಕು. 5 ಯೂನಿಟಿನ ಆಂಪ್ಯೂಲ್ (ಔಷಧದ ಪುಟ್ಟ ಗಾಜಿನ ಸೀಸೆ) ಆದರೆ ಎರಡು ಒಡೆಯಬೇಕು. ಈ ಔಷಧ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಜುಲೈ ಗಾಳಿಮಳೆಗೆ ಕರೆಂಟ್ ಹೋದಾಗ ಫ್ರಿಜ್ ಓಡುತ್ತಿದೆಯೇ ಎಂದು ನೋಡುವವರೂ ಸಿಸ್ಟರೇ. ಸೆಖೆಯಲ್ಲಿ ಕೂತ ಆಂಪ್ಯೂಲ್ ನೋಡಲು ಹೊಸದರ ಹಾಗೇ ಇರುತ್ತದೆ, ಗುಣ ಮಾತ್ರ ಕುಂದಿರುತ್ತದೆ.

ಕಸ ತೆಗೆಯುವುದೆಂದರೆ ಹೊಕ್ಕುಳಬಳ್ಳಿ ಹಿಡಿದು ಎಳೆಯುವುದಲ್ಲ. ಗರ್ಭಕೋಶ ಬಿಗಿಯುವವರೆಗೆ ಕಾಯಬೇಕು, ಒಂದು ಕೈ ಕೆಳಹೊಟ್ಟೆಯ ಮೇಲಿಟ್ಟು ಗರ್ಭಕೋಶವನ್ನು ಮೇಲಕ್ಕೆ ತಡೆಹಿಡಿಯಬೇಕು, ಇನ್ನೊಂದು ಕೈಯಲ್ಲಿ ಬಳ್ಳಿಯನ್ನು ಒಂದೇ ಹದದಲ್ಲಿ ಕೆಳಗೆಳೆಯಬೇಕು. ಅವಸರ ಮಾಡಿದರೆ ಬಳ್ಳಿ ಕಿತ್ತು ಬರುತ್ತದೆ, ಇಲ್ಲವೇ ಗರ್ಭಕೋಶವೇ ಒಳಹೊರಗಾಗಿ ಬರುತ್ತದೆ. ಬಂದ ಕಸವನ್ನು ಅಂಗೈಯಲ್ಲಿ ಹರಡಿ, ತುಂಡುಗಳೆಲ್ಲ ಒಂದಕ್ಕೊಂದು ಕೂಡುತ್ತವೆಯೇ, ಪೊರೆ ಪೂರ್ತಿ ಇದೆಯೇ ಎಂದು ನೋಡುವುದು ಇನ್ನೊಂದು ಕೆಲಸ. ಒಳಗೆ ಚೂರು ಉಳಿದರೂ ರಕ್ತ ನಿಲ್ಲದೇ ಹೋಗಬಹುದು.

ಆಮೇಲಿನ ಎರಡು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಪ್ಯಾಡು, ಹೊಟ್ಟೆ. ಹೊಕ್ಕುಳ ಹತ್ತಿರ ಒತ್ತಿದರೆ ಗರ್ಭಕೋಶ ಗಟ್ಟಿ ಚೆಂಡಿನ ಹಾಗೆ ಸಿಗಬೇಕು. ಕಲಸಿದ ಹಿಟ್ಟಿನ ಹಾಗೆ ಮೆತ್ತಗಿದ್ದರೆ ಅಲ್ಲೇ ತಿಕ್ಕಿ ಬಿಗಿಸಬೇಕು. ಬಾಣಂತಿಗೆ ನೋವಾಗುತ್ತದೆ, ‘ಸಿಸ್ಟರ್ ಹೊಟ್ಟೆ ಹಿಂಡಿದರು’ ಎಂಬ ದೂರು ಮನೆಗೆ ಹೋಗುತ್ತದೆ. ಗರ್ಭಕೋಶ ಮೆತ್ತಗಾಗಲು ಎಷ್ಟೋ ಸಲ ಕಾರಣ ತುಂಬಿದ ಮೂತ್ರಕೋಶ. ಅದು ಅಡ್ಡ ಬಂದರೆ ಗರ್ಭಕೋಶ ಬಿಗಿಯಲಾರದು. ಮೂತ್ರ ಹೋದರೆ ತಾನಾಗಿ ಸರಿಹೋಗುವುದೂ ಉಂಟು.

ಬಿಪಿಯೊಂದನ್ನೇ ನಂಬಿದರೆ ಮೋಸ. ಹರೆಯದ ಗಟ್ಟಿ ಹೆಣ್ಣಿನ ದೇಹ ಒಂದು ಲೀಟರ್ ರಕ್ತ ಹೋದರೂ ಬಿಪಿಯನ್ನು ಎತ್ತಿ ಹಿಡಿದಿರಬಹುದು. ಮೊದಲು ಏರುವುದು ನಾಡಿ. 84 ಇದ್ದದ್ದು 96, ಆಮೇಲೆ 112 ಆಯಿತೆಂದರೆ, ಬಾಣಂತಿ ನಗುತ್ತಾ ಮಾತಾಡುತ್ತಿದ್ದರೂ, ಅನುಭವಸ್ಥ ಸಿಸ್ಟರ್ ಬೆಡ್‌ಶೀಟ್ ಎತ್ತಿ ಸೊಂಟದ ಕೆಳಗೆ ಕೈಹಾಕುತ್ತಾರೆ. ಮಲಗಿದವರ ರಕ್ತ ಬೆನ್ನಿನಡಿ ಹರಿದು ಹಾಸಿಗೆಯಲ್ಲಿ ಇಂಗಿರುತ್ತದೆ. ಕಣ್ಣಳತೆ ಹೆಚ್ಚಾಗಿ ಕಡಿಮೆಯೇ ಹೇಳುತ್ತದೆ. ತೂಗಿದರೆ ಸುಳ್ಳಿಲ್ಲ: ಒದ್ದೆ ಪ್ಯಾಡಿನ ತೂಕದಲ್ಲಿ ಒಣ ಪ್ಯಾಡಿನ ತೂಕ ಕಳೆದರೆ, ಒಂದು ಗ್ರಾಮಿಗೆ ಹೆಚ್ಚುಕಡಿಮೆ ಒಂದು ಎಂಎಲ್. 500 ಎಂಎಲ್ ದಾಟಿದರೆ ಅಧಿಕ ರಕ್ತಸ್ರಾವ. ಡಾಕ್ಟರಿಗೆ ಕರೆ, ಎರಡು ಕಡೆ ದಪ್ಪ ಸೂಜಿ, ಡ್ರಿಪ್ಪಿನಲ್ಲಿ ಇನ್ನಷ್ಟು ಆಕ್ಸಿಟೋಸಿನ್, ರಕ್ತ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ರಕ್ತದ ಬೇಡಿಕೆ. ಗರ್ಭಕೋಶ ಬಿಗಿಸುವ ಇನ್ನೊಂದು ಔಷಧ ಮೆಥರ್ಜಿನ್ ಅನ್ನು ಬಿಪಿ ಹೆಚ್ಚಿದ್ದವರಿಗೆ ಕೊಡಬಾರದು ಎಂಬುದನ್ನು ಈ ಗಡಿಬಿಡಿಯ ನಡುವೆಯೂ ನೆನಪಿಟ್ಟುಕೊಳ್ಳಬೇಕು.

ಈಗ ಲೆಕ್ಕ ಹಾಕಿ. ಒಬ್ಬರನ್ನು ನೋಡಿ ಬರೆದಿಡಲು ನಾಲ್ಕು ನಿಮಿಷ. ಆಗಷ್ಟೇ ಹೆತ್ತವರು ನಾಲ್ಕು ಮಂದಿ ಇದ್ದರೆ ಹದಿನಾರು ನಿಮಿಷ. ಹದಿನೈದು ನಿಮಿಷದ ಸುತ್ತು ಅಲ್ಲಿಗೇ ತಪ್ಪಿತು. ಬೇನೆ ತಿನ್ನುತ್ತಿರುವವರನ್ನು, ಅಳದ ಮಗುವನ್ನು ನೋಡುವವರು ಬೇರೆ ಬೇಕು. ಚಾರ್ಟಿನಲ್ಲಿ ಎಂಟೂ ಸಲ ಒಂದೇ ಪೆನ್ನಲ್ಲಿ ‘ನಾಡಿ 80’ ಅಂತ ಬರೆದದ್ದು ಕಂಡರೆ ಸೋಮಾರಿತನ ಅನ್ನುವ ಮೊದಲು ಆ ಪಾಳಿಯಲ್ಲಿ ಎಷ್ಟು ಜನ ಇದ್ದರು ಎಂದು ಕೇಳಬೇಕು. ಅವರಲ್ಲಿ ಗುತ್ತಿಗೆಯವರು ಎಷ್ಟು, ಅದೇ ಕೆಲಸಕ್ಕೆ ಅವರಿಗೆ ಸಿಗುವುದೆಷ್ಟು ಎಂದೂ.

ಬೈಯುವ ಸಿಸ್ಟರ್‌ಗಳಿದ್ದಾರೆ, ಇಲ್ಲವೆನ್ನುವುದಿಲ್ಲ. ಬೇನೆ ತಿನ್ನುವವಳ ಮೇಲೆ ಕಿರುಚುವುದಕ್ಕೆ ಯಾವ ಪಾಳಿಯ ಸುಸ್ತೂ ನೆಪವಲ್ಲ. ಅದೇ ರೂಮಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಹಿಂದಿ ಎಲ್ಲದರಲ್ಲೂ ‘ತಲೆ ತಿರುಗ್ತದಾ?’ ಎಂದು ಕೇಳಬಲ್ಲವರೂ ಇದ್ದಾರೆ.

ಬಾಣಂತಿಯ ಜೊತೆ ನಿಲ್ಲುವ ಅಮ್ಮಂದಿರಿಗೆ, ಅತ್ತೆಯಂದಿರಿಗೆ ಒಂದು ಮಾತು. ಮೊದಲ ಪ್ಯಾಡನ್ನು ಚೊಕ್ಕ ಮಾಡುವ ಅವಸರದಲ್ಲಿ ಬುಟ್ಟಿಗೆ ಎಸೆಯಬೇಡಿ. ಸಿಸ್ಟರ್‌ಗೆ ತೋರಿಸಿ, ಆಮೇಲೆ ಎಸೆಯಿರಿ.