ಬಟ್ಟೆ ಒಣಹಾಕೋ ತಂತಿ ಬಿಚ್ಚಿ, ಹಗ್ಗ ಕಟ್ಟಿ

ನಿಮ್ಮನೇಲಿ ಬಟ್ಟೆ ಒಣಹಾಕೋಕೆ ಕಬ್ಬಿಣದ ತಂತಿ ಕಟ್ಟಿದ್ರೆ ದಯವಿಟ್ಟು ಇವತ್ತೇ ಬಿಚ್ಚಿ, ನೈಲಾನ್ ಹಗ್ಗ ಕಟ್ಟಿ.

ಹೋದ ಮಳೆಗಾಲದಲ್ಲಿ ಅಮ್ಮ ಹಿತ್ತಲಲ್ಲಿ ಸೀರೆ ಹಿಂಡಿ ತಂತಿ ಮೇಲೆ ಹಾಕ್ತಿದ್ರು, "ಯಾಕೋ ಕೈ ಜುಮ್ ಅಂತು ಕಣೋ" ಅಂದ್ರು. ಟೆಸ್ಟರ್ ತಂದು ಇಟ್ಟೆ, ದೀಪ ಹತ್ಕೊಳ್ತು. ಓಡಿಹೋಗಿ ಮೇನ್ ಆಫ್ ಮಾಡಿ ಬಂದು ನೋಡಿದ್ರೆ ಇನ್ನೂ ಉರೀತಿದೆ, ಎದೆ ಝಲ್ ಅಂತು. ಕಂಬದಿಂದ ಮನೆಗೆ ಬರೋ ಸರ್ವಿಸ್ ವೈರು ಗಾಳಿಗೆ ಬಚ್ಚಲುಮನೆ ಜಿಂಕ್ ಶೀಟಿನ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆದುಹೋಗಿತ್ತು, ಆ ಶೀಟ್ ನಿಂತಿರೋ ಕಬ್ಬಿಣದ ಪೈಪಿಗೇ ನಾವು ತಂತಿಯ ಒಂದು ತುದಿ ಕಟ್ಟಿದ್ವಿ. ಅವತ್ತು ಅಮ್ಮನ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಬರಿಗಾಲಲ್ಲಿ ಒಗೆಯೋ ಕಲ್ಲಿನ ಹತ್ರ ನಿಂತಿದ್ರೆ... ಬೇಡ, ಅದನ್ನ ನೆನೆಸ್ಕೊಳ್ಳೋಕೂ ಆಗಲ್ಲ.

ತಾಮ್ರದ ಮುಂದೆ ಕಬ್ಬಿಣ ಏನೂ ಒಳ್ಳೆ ವಾಹಕ ಅಲ್ಲ, ಐದಾರು ಪಟ್ಟು ಹಿಂದೆ. ಆದ್ರೆ ಹತ್ತು ಮೀಟರ್ ತಂತಿಗೆ 1 ಓಮ್ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಕೂಡ ಇರಲ್ಲ, ಅಂದ್ರೆ 230 ವೋಲ್ಟ್ ಹಾಗೇ ನಮ್ಮ ಕೈಗೆ ಬರುತ್ತೆ. ಆಗ ತಡೆಯೋದಿದ್ರೆ ನಮ್ಮ ಚರ್ಮ, ಕಾಲಡಿಯ ಚಪ್ಪಲಿ ಅಷ್ಟೇ. ಒಣ ಚರ್ಮ ಹತ್ತಾರು ಸಾವಿರ ಓಮ್ ತಡೆಯುತ್ತೆ, ಒದ್ದೆ ಆದ್ರೆ ಸುಮಾರು 1000 ಓಮ್‌ಗೆ ಇಳಿದುಬಿಡುತ್ತೆ. ಲೆಕ್ಕ ಹಾಕಿ, 230 ವೋಲ್ಟನ್ನ 1000 ಓಮ್‌ನಿಂದ ಭಾಗಿಸಿದ್ರೆ 0.23 ಆಂಪ್, ಅಂದ್ರೆ 230 ಮಿಲಿಆಂಪ್ ಕರೆಂಟ್, ಜೀವ ತೆಗೆಯೋಕೆ ಧಾರಾಳ ಸಾಕು. ಬಟ್ಟೆ ಒಣಹಾಕೋ ಕೈ ಯಾವಾಗ್ಲೂ ಒದ್ದೇನೇ ತಾನೆ, ಅದೂ ಸೋಪಿನ ನೀರು! ಅಪ್ಪಟ ನೀರಲ್ಲಿ ಕರೆಂಟ್ ಹರಿಯೋದು ತೀರಾ ಕಮ್ಮಿ, ಅದರಲ್ಲಿ ಕರಗಿರೋ ಉಪ್ಪು ಸೋಪಿನಿಂದಲೇ ಅದು ವಾಹಕ ಆಗೋದು. ಲೀಕ್ ಆದ ಕರೆಂಟನ್ನ ನೆಲಕ್ಕೆ ಇಳಿಸೋ ಅರ್ಥಿಂಗ್ ಗುಂಡಿಗೆ ಇದ್ದಿಲು ಉಪ್ಪು ಹಾಕಿ ಬೇಸಿಗೇಲಿ ನೀರು ಹೊಯ್ಯೋದೂ ಇದಕ್ಕೇ. ಅಲ್ಲಿ ನಮ್ಮನ್ನ ಕಾಯೋ ಅದೇ ತೇವ ಕೈಯಲ್ಲಿದ್ರೆ ಕೊಲ್ಲುತ್ತೆ.

"ನಮ್ಮನೇಲಿ ಎಂಸಿಬಿ ಇದೆ" ಅಂತೀರ. ಅದು ಕರೆಂಟ್ ಮಿತಿಮೀರಿದಾಗ ತಾನೇ ಆಫ್ ಆಗೋ ಸ್ವಿಚ್ಚು, 16 ಆಂಪ್ ಎಂಸಿಬಿಗೆ 230 ಮಿಲಿಆಂಪ್ ಗೊತ್ತೇ ಆಗಲ್ಲ. 30 ಮಿಲಿಆಂಪ್ ಕರೆಂಟ್ ಲೀಕ್ ಆದ್ರೂ ಟ್ರಿಪ್ ಆಗೋ (ತಾನೇ ಆಫ್ ಆಗೋ) ಆರ್‌ಸಿಸಿಬಿ ಸ್ವಿಚ್ಚು ಖಂಡಿತ ಹಾಕಿಸಿ, ಮನೆಯೊಳಗಿನ ಲೀಕೇಜ್‌ಗೆ ಅದು ಬೇಕೇ ಬೇಕು, ಆದ್ರೆ ಸರ್ವಿಸ್ ವೈರು ಅದಕ್ಕಿಂತ ಹಿಂದೇನೇ ಇರೋದ್ರಿಂದ ಇಂಥ ಕಡೆ ಅದೂ ಕೆಲಸಕ್ಕೆ ಬರಲ್ಲ. ಲೈನ್‌ಮ್ಯಾನ್ ಬಂದು ಕಂಬದಲ್ಲೇ ಫ್ಯೂಸ್ ತೆಗೆದ ಮೇಲೇ ನಮ್ಮ ತಂತಿ ಸತ್ತಿದ್ದು.

ಯಾರಾದ್ರೂ ತಂತಿಗೆ ಅಂಟ್ಕೊಂಡ್ರೆ ಕೈ ಹಿಡಿದು ಎಳೀಬೇಡಿ, ಮೊದಲು ಕರೆಂಟ್ ತೆಗೆಸಿ. ಅದಾಗದೇ ಇದ್ರೆ ಒಣಗಿದ ಮರದ ಕೋಲಲ್ಲೇ ಬಿಡಿಸ್ಬೇಕು. ಹಸಿ ಬಿದಿರು, ಮಳೇಲಿ ನೆಂದ ಕೋಲು ಬೇಡವೇ ಬೇಡ, ಅದರೊಳಗಿನ ನೀರಲ್ಲೂ ಕರೆಂಟ್ ಹರಿಯುತ್ತೆ.

ಹಗ್ಗಾನೂ ಒದ್ದೆಯಾದ್ರೆ ಸ್ವಲ್ಪ ಕರೆಂಟ್ ಬಿಡಬಹುದು, ಆದ್ರೆ ತಂತಿಗೂ ಅದಕ್ಕೂ ಅಜಗಜಾಂತರ. ಶೀಟಿನ ಪೈಪು, ವೈರಿನ ಕಂಬಕ್ಕೆ ಮಾತ್ರ ಹಗ್ಗಾನೂ ಕಟ್ಬೇಡಿ. ನಮ್ದು ಈಗ ಎರಡು ತೆಂಗಿನಮರದ ನಡುವೆ ಇದೆ. ಒದ್ದೆ ಬೆಡ್‌ಶೀಟ್ ಹಾಕಿದ್ರೆ ಜೋತುಬಿದ್ದು ನೆಲಕ್ಕೆ ತಾಗುತ್ತೆ ಅಂತ ಅಮ್ಮನ ತಕರಾರು, ಭಾನುವಾರ ಬಿಗಿಮಾಡಿ ಕಟ್ಕೊಡ್ತೀನಿ.