ಅಲ್ಲಿ ಕೆಲಸದವರು ಸಿಗಲ್ಲ ಕಣ್ರೀ

ಹೋದ ಮಳೆಗಾಲದಲ್ಲಿ ಕ್ಯಾಲಿಫೋರ್ನಿಯಾದಿಂದ ಚಿಕ್ಕಮಗಳೂರಿನ ಮನೆಗೆ ಬಂದಿದ್ದೆ. ಮುಳ್ಳಯ್ಯನಗಿರಿಗೆ ಹೊರಟು ಕೈಮರ ದಾಟುತ್ತಿದ್ದ ಹಾಗೆ ಅಪ್ಪನ ಕಾರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಮರುದಿನ ಕಾಫಿ ಕುಡಿದವನೇ 10ರ ಸ್ಪ್ಯಾನರ್ ಹಿಡಿದು ಬಾನೆಟ್ ಎತ್ತಿದೆ. ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಅರ್ಧ ಗಂಟೆ ಬಿಟ್ಟರೆ ಎಷ್ಟೋ ಕಾರುಗಳಲ್ಲಿ ಇಂಜಿನ್ ಕಂಪ್ಯೂಟರ್ ರೀಸೆಟ್ ಆಗಿ ಆ ದೀಪ ಆರುತ್ತೆ. ಗೇಟಿನ ಹತ್ತಿರ ಅಪ್ಪ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ಅಲ್ಲಿ ಕೆಲಸದವರು ಸಿಗಲ್ಲ ಕಣ್ರೀ. ಎಲ್ಲಾ ಇವನೇ ಮಾಡ್ಕೋಬೇಕು, ಪಾಪ."

ಆ 'ಪಾಪ' ಚುಚ್ಚಿತು.

ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಬೀದಿಯ ಶನಿವಾರ ನೋಡಬೇಕು. ಎದುರು ಮನೆಯ ಹಲ್ಲಿನ ಡಾಕ್ಟರು ಕಾರಿನ ಕೆಳಗೆ ಮಲಗಿ ಆಯಿಲ್ ಬದಲಿಸುತ್ತಿರುತ್ತಾರೆ. ಯಾರೂ ಪಾಪ ಅನ್ನಲ್ಲ. ಅಮೆರಿಕಾದಲ್ಲಿ 1996ರ ಮಾಡೆಲ್‌ನಿಂದ ಈಚೆಗಿನ ಪೆಟ್ರೋಲ್ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದೇ ಥರದ ಸಾಕೆಟ್ ಇರುತ್ತೆ. ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಕ್ಯಾನರ್ ಸಿಕ್ಕಿಸಿದರೆ ಏನು ಕೆಟ್ಟಿದೆ ಅಂತ ಫೋನಿನಲ್ಲೇ ಕೋಡ್ ಬರುತ್ತೆ. ಅಪ್ಪನ ಕಾರಿನಲ್ಲೂ ಅದೇ ಸಾಕೆಟ್ ಇದೆ. ಇರೋದೇ ಅವರಿಗೆ ಗೊತ್ತಿಲ್ಲ. ನಮ್ಮವರು ಆಯುಧಪೂಜೆ ದಿನ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೀತಾರೆ. ಉಳಿದ 364 ದಿನ "ನಿನಗ್ಯಾಕೆ, ಅವನನ್ನ ಕರಿ."

ಅರ್ಧ ಗಂಟೆ ಆದ ಮೇಲೆ ಟರ್ಮಿನಲ್ ಸೇರಿಸಿದೆ. ದೀಪ ಮಾಯ. ಗಡಿಯಾರವೂ 12ಕ್ಕೆ ಹೋಗಿತ್ತು, ಅಮ್ಮನ ರೇಡಿಯೋ ಸ್ಟೇಷನ್‌ಗಳೂ ಅಳಿಸಿದ್ದವು. ಅದಕ್ಕೆ ಬೈಸಿಕೊಂಡೆ. ಕಾರು ನಿಂತಿದ್ದಾಗ ಇಂಜಿನ್ ಸ್ವಲ್ಪ ನಡುಗುತ್ತಿತ್ತು. ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಕಂಪ್ಯೂಟರ್ ಓಡ್ತಾ ಓಡ್ತಾ ಕಲಿತಿರುತ್ತೆ, ರೀಸೆಟ್ ಮಾಡಿದರೆ ಅದೆಲ್ಲ ಮರೆತು ಮೊದಲಿಂದ ಕಲಿಯಬೇಕು. ನಾನಂತೂ ಗೆದ್ದವನ ಹಾಗೆ ಅಂಗಳದಲ್ಲಿ ಓಡಾಡಿದೆ.

ಆಲ್ದೂರಿಗೆ ಹೋಗಿ ಬರುವಷ್ಟರಲ್ಲಿ ದೀಪ ಮತ್ತೆ ಹತ್ತಿತ್ತು.

ಅಪ್ಪ ಏನೂ ಅನ್ನಲಿಲ್ಲ. ಸಂಜೆ 'ಅವನು', ಅಂದರೆ ಮೆಕ್ಯಾನಿಕ್, ಬಂದ. ಕೈಯಲ್ಲಿ ಒಂದು ಟಾರ್ಚ್, ಅಷ್ಟೇ. ಇಂಜಿನ್ ಹಿಂದೆ ಇಣುಕಿ ಕೇಳಿದ: "ದೀಪ ಆರಿಸಿದ್ರೆ ಇಲಿ ಹೋಗುತ್ತಾ ಸಾರ್?" ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋ ಸೆನ್ಸರಿನ ವೈರನ್ನು ಇಲಿ ಕಡಿದು ಹಾಕಿತ್ತು. ಹೊರಗೆ ಮಳೆ, ಒಳಗೆ ಬೆಚ್ಚಗಿನ ಇಂಜಿನ್. ಮಲೆನಾಡಲ್ಲಿ ಹುಟ್ಟಿದವನು ನಾನು, ಹೊಳೀಬೇಕಿತ್ತು.

ಅಪ್ಪನಿಗೆ ಹೇಳದ ಇನ್ನೊಂದು ವಿಷಯ ಇದೆ. ಕ್ಯಾಲಿಫೋರ್ನಿಯಾದಲ್ಲೂ ಒಮ್ಮೆ ಹೊಗೆ ತಪಾಸಣೆಯ ಹಿಂದಿನ ರಾತ್ರಿ ಹೀಗೇ ಬ್ಯಾಟರಿ ಬಿಚ್ಚಿ ದೀಪ ಆರಿಸಿದ್ದೆ. ಅಲ್ಲಿ ತೀರಾ ಹಳೇ ಕಾರಲ್ಲದಿದ್ದರೆ ಕಂಪ್ಯೂಟರನ್ನೇ ವಿಚಾರಿಸ್ತಾರೆ. ರೀಸೆಟ್ ಆದ ಕಂಪ್ಯೂಟರ್, ಕಾರು ಓಡುವಾಗ ತಾನೇ ಮಾಡ್ಕೊಳ್ಳೋ ಪರೀಕ್ಷೆಗಳನ್ನ ಇನ್ನೂ ಮುಗಿಸಿರಲಿಲ್ಲ. ವಾಪಸ್ ಕಳಿಸಿದರು. ಒಂದು ವಾರ ಸುಮ್ನೆ ಊರೆಲ್ಲ ಸುತ್ತಿ ಮತ್ತೆ ಹೋದೆ.

ಆದರೂ ಹೊರಡುವಾಗ ಒಂದು ಸ್ಕ್ಯಾನರ್ ತರಿಸಿ ಅಪ್ಪನ ಕೈಗೆ ಕೊಟ್ಟೆ, ಕೂತು ಕಲಿಸಿಯೂ ಬಂದೆ. ಮೊನ್ನೆ ಫೋನಿನಲ್ಲಿ ಕೇಳಿದರೆ, "ಅದಾ? ಅವನಿಗೆ ಕೊಟ್ಟೆ" ಅಂದರು.